ಮರುಭೂಮಿಯ ಹೆಸರಿನ ಸೆಂಟಿನಲ್ಲಿ ನಮ್ಮ ಕೊತ್ತಂಬರಿ, ಜೀರಿಗೆ

ಗಲ್ಫ್‌ನಿಂದ ರಜೆಗೆ ಹೊರಟವರ ಲಗೇಜಿನಲ್ಲಿ ಒಂದಾದರೂ ಸೆಂಟ್ ಬಾಟಲಿ ಇಲ್ಲದೆ ಹೋಗುವುದು ಕಡಿಮೆ. ಒಂದು ಕಾಲದಲ್ಲಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ದುಬೈಯಿಂದ ಬಂದವ ಅಂತ ಗೊತ್ತಾಗುತ್ತಿದ್ದದ್ದೇ ಆ ಪರಿಮಳದಿಂದ. ಈಗ ಬಾಟಲಿ ಹೋಗುವ ದಾರಿ ಇನ್ನೂ ಉದ್ದವಾಗಿದೆ. ಅಣ್ಣ ಶಾರ್ಜಾದಲ್ಲಿ, ತಂಗಿ ಅಮೆರಿಕದ ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ, ಅಪ್ಪ ಅಮ್ಮ ಕುಂದಾಪುರದಲ್ಲಿ. ಇಂಥ ಮನೆಗಳು ನಮ್ಮಲ್ಲಿ ಈಗ ಹೊಸತೇನಲ್ಲ. "ಅಣ್ಣಾ, ಬರುವಾಗ ಅಲ್ಲಿಯ ಒಂದು ಒಳ್ಳೆಯ ಪರ್ಫ್ಯೂಮ್ ತಾ" ಎಂದು ತಂಗಿ ಫೋನಿನಲ್ಲಿ ಹೇಳಿದರೆ ಅಣ್ಣ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಸೇಲ್ಸ್‌ಮನ್ ಹೇಳುವುದು ನಾಲ್ಕೇ ಶಬ್ದ: ಡೆಸರ್ಟ್, ವುಡಿ, ಸ್ಪೈಸಿ, ಯುನಿಸೆಕ್ಸ್.

ಈ ನಾಲ್ಕು ಶಬ್ದಗಳ ಅರ್ಥ ಏನು? ದೇರಾದ ಅಂಗಡಿಯಲ್ಲಿ ಚೆನ್ನಾಗಿ ಕಂಡ ಪರಿಮಳ ಫೇರ್‌ಫ್ಯಾಕ್ಸ್‌ನ ಚಳಿಯಲ್ಲೂ ಹಾಗೇ ಇರುತ್ತದೆಯೇ? ಬೆವರು ಸುರಿಸಿ ದುಡಿದ ಹಣ ಕೊಡುವ ಮೊದಲು ಇಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಈ ಜಾತಿಯ ಸೆಂಟುಗಳಲ್ಲಿ ಬಹಳ ಹೆಸರು ಮಾಡಿದ ಒಂದನ್ನೇ ಉದಾಹರಣೆಗೆ ಇಟ್ಟುಕೊಂಡು ನೋಡೋಣ.

ಯಾವುದು ಆ ಸೆಂಟ್?

ಹೆಸರು ಫ್ರೆಂಚ್: ‘ಲೇರ್ ದ್ಯು ದೆಸೇರ್ ಮರೊಕೇನ್’. ಅಂದರೆ ಮೊರಾಕ್ಕೊ ಮರುಭೂಮಿಯ ಗಾಳಿ. ಮಾಡಿದವರು ಅರಬ್ಬರೂ ಅಲ್ಲ, ಫ್ರೆಂಚರೂ ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಆಂಡಿ ಟಾವರ್. ಅವರು ಓದಿದ್ದು ರಸಾಯನಶಾಸ್ತ್ರ. ಸೆಂಟ್ ಮಾಡುವುದನ್ನು ಯಾವ ದೊಡ್ಡ ಕಂಪನಿಯಲ್ಲೂ ಕಲಿತವರಲ್ಲ, ತಾವೇ ಕಲಿತವರು. 2005ರಲ್ಲಿ ಈ ಬಾಟಲಿ ಹೊರಬಂತು. 2008ರಲ್ಲಿ ಲೂಕಾ ಟ್ಯುರಿನ್ ಮತ್ತು ತಾನ್ಯಾ ಸ್ಯಾಂಚೆಜ್ ಎಂಬ ಇಬ್ಬರು ವಿಮರ್ಶಕರು ತಮ್ಮ ಸೆಂಟ್ ಕೈಪಿಡಿಯಲ್ಲಿ ಇದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಜಾಹೀರಾತಿಗೆ ಸಿನಿಮಾ ನಟರನ್ನು ಹಿಡಿಯದ ಒಂದು ಸಣ್ಣ ಕಂಪನಿಯ ಸರಕು ಲೋಕವೆಲ್ಲ ಹರಡಿದ್ದು ಹಾಗೆ.

ಇದರೊಳಗೆ ಏನಿದೆ ಎಂದು ತಯಾರಕರೇ ಹೇಳುತ್ತಾರೆ. ಮೊದಲಿಗೆ ಕೊತ್ತಂಬರಿ, ಜೀರಿಗೆ ಮತ್ತು ಕಹಿ ಕಿತ್ತಳೆ ಗಿಡದ ಎಲೆ ಕಡ್ಡಿಗಳ ಎಣ್ಣೆ. ನಡುವೆ ಸಿಸ್ಟಸ್ ಎಂಬ ಪೊದೆಯ ಅಂಟು ಮತ್ತು ಒಂದು ಚೂರು ಮಲ್ಲಿಗೆ. ಕೊನೆಗೆ ಒಣ ಸೀಡರ್ ಮರ, ಲಾವಂಚ ಮತ್ತು ಅಂಬರ್‌ಗ್ರಿಸ್‌ನ ಛಾಯೆ.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೊತ್ತಂಬರಿ, ಜೀರಿಗೆ, ಮಲ್ಲಿಗೆ, ಲಾವಂಚ. ನಮ್ಮ ಅಡುಗೆಮನೆ ಮತ್ತು ದೇವರ ಕೋಣೆಯ ಸಾಮಾನುಗಳೇ ಅರ್ಧ ಇವೆ.

ಮೊದಲ ಅರ್ಧ ಗಂಟೆ: ಕಷಾಯದ ಡಬ್ಬಿ

ಯಾವ ಸೆಂಟೂ ಹಚ್ಚಿದಾಗ ಇದ್ದ ಹಾಗೆ ಸಂಜೆಯವರೆಗೆ ಇರುವುದಿಲ್ಲ. ಹಗುರ ಕಣಗಳು ಮೊದಲು ಹಾರಿಹೋಗುತ್ತವೆ, ಭಾರದವು ಚರ್ಮದ ಮೇಲೆ ಉಳಿಯುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸ್ಪ್ರೇ ಹೊಡೆದು ಎರಡು ನಿಮಿಷ ಮೂಸಿ ನೋಡಿದರೆ ಸಿಗುವುದು ಕಥೆಯ ಮೊದಲ ಪುಟ ಮಾತ್ರ.

ಈ ಸೆಂಟಿನ ಮೊದಲ ಪುಟ ಮಸಾಲೆ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿನಲೂಲ್ ಎಂಬ ರಾಸಾಯನಿಕ. ಲ್ಯಾವೆಂಡರ್ ಹೂವಿನಲ್ಲೂ ಅದೇ ಮುಖ್ಯ. ಹುರಿಯದ ಕೊತ್ತಂಬರಿಯನ್ನು ಬೆರಳಲ್ಲಿ ಒಡೆದು ಮೂಸಿದರೆ ಹೂವಿನಂಥ, ನಿಂಬೆಯಂಥ ಒಂದು ತಿಳಿ ಪರಿಮಳ ಬರುತ್ತದಲ್ಲ, ಅದು ಇದೇ. ಜೀರಿಗೆಗೆ ಅದರದೇ ಖಾರದ ಘಾಟು. ಎರಡೂ ಸೇರಿದಾಗ ಅಮೆರಿಕದವರಿಗೆ ‘ಪೂರ್ವದೇಶದ ಸಂತೆ’ ನೆನಪಾಗುತ್ತದೆ. ಕರಾವಳಿ, ಮಲೆನಾಡಿನವರಿಗೆ ನೆನಪಾಗುವುದು ಕಷಾಯ ಪುಡಿಯ ಡಬ್ಬಿಯ ಮುಚ್ಚಳ ತೆಗೆದ ಗಳಿಗೆ. ಕೆಲವರಿಗೆ ಸಾರಿನ ಪುಡಿ.

ಜೀರಿಗೆಯ ವಿಷಯದಲ್ಲಿ ಒಂದು ತಕರಾರೂ ಇದೆ. ಅದರ ಘಾಟಿನಲ್ಲಿ ಬೆವರನ್ನು ನೆನಪಿಸುವ ಒಂದು ಗುಣವಿದೆ. ಇದೇ ಕಾರಣಕ್ಕೆ ಕೆಲವರು ಈ ಸೆಂಟನ್ನು ಮೊದಲ ಹತ್ತು ನಿಮಿಷದಲ್ಲೇ ಬೇಡ ಅನ್ನುತ್ತಾರೆ. ಇನ್ನು ಕೆಲವರಿಗೆ ಅದೇ ಇಷ್ಟ, ಮನುಷ್ಯರ ಮೈಯ ಬಿಸಿ ಇದ್ದ ಹಾಗೆ ಅನ್ನಿಸುತ್ತದೆ. ಸೆಂಟ್ ತಯಾರಕರು ಜೀರಿಗೆಯನ್ನು ಹನಿ ಲೆಕ್ಕದಲ್ಲಿ ಹಾಕುವುದು ಇದಕ್ಕೇ.

‘ವುಡಿ’ ಅಂದರೆ ಗಂಧ ಮಾತ್ರ ಅಲ್ಲ

ಮರದ ಪರಿಮಳ ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಶ್ರೀಗಂಧ. ಮೊದಲ ಮಹಾಯುದ್ಧದ ಹೊತ್ತಿಗೆ, 1916ರಲ್ಲಿ, ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಅಲ್ಲಿಂದ ಮೈಸೂರು ಸ್ಯಾಂಡಲ್ ಸೋಪಿನವರೆಗಿನ ಕಥೆ ಎಲ್ಲರಿಗೂ ಗೊತ್ತು. ಗಂಧದ್ದು ಹಾಲಿನ ಕೆನೆಯಂಥ ಮೆತ್ತನೆಯ ಪರಿಮಳ. ಗಲ್ಫ್‌ನಲ್ಲಿ ವುಡಿ ಅಂದರೆ ಹೆಚ್ಚಾಗಿ ಊದ್. ಅದು ಅಗರ್ ಮರಕ್ಕೆ ಗಾಯವಾಗಿ, ಸೋಂಕು ತಗಲಿ, ಒಳಗೆ ಕಟ್ಟಿಕೊಳ್ಳುವ ಕಪ್ಪು ರಾಳ. ಅರಬ್ಬರ ಮೆಚ್ಚಿನ ಊದ್‌ನಲ್ಲಿ ನಮ್ಮ ಅಸ್ಸಾಂನ ಊದ್‌ಗೂ ದೊಡ್ಡ ಹೆಸರಿದೆ.

ನಾವು ಹೇಳುತ್ತಿರುವ ಸೆಂಟಿನ ಪಟ್ಟಿಯಲ್ಲಿ ಇವೆರಡೂ ಇಲ್ಲ. ಅಲ್ಲಿರುವುದು ಸೀಡರ್, ಒಣಗಿದ, ಸ್ವಲ್ಪ ಒರಟಾದ ಪರಿಮಳದ ಮರ. ಪೆನ್ಸಿಲ್ ಮೊನೆ ಮಾಡುವಾಗ ಬರುತ್ತದಲ್ಲ, ಆ ವಾಸನೆ. ಫೇರ್‌ಫ್ಯಾಕ್ಸ್ ಇರುವುದು ವರ್ಜೀನಿಯಾ ರಾಜ್ಯದಲ್ಲಿ. ಸೆಂಟ್ ಉದ್ಯಮದಲ್ಲಿ ‘ವರ್ಜೀನಿಯಾ ಸೀಡರ್’ ಅಂತಲೇ ಹೆಸರಾದ ಮರ ಆ ಕಡೆಯ ರಸ್ತೆ ಬದಿಯಲ್ಲೂ ಬೆಳೆಯುತ್ತದೆ. ಹಿಂದೆ ಅಮೆರಿಕದ ಪೆನ್ಸಿಲ್‌ಗಳನ್ನು ಮಾಡುತ್ತಿದ್ದದ್ದು ಅದರಿಂದಲೇ. ಉಣ್ಣೆ ಬಟ್ಟೆಗೆ ನುಸಿ ಹಿಡಿಯದಿರಲಿ ಅಂತ ಹಳೆಯ ಮನೆಗಳಲ್ಲಿ ಅದೇ ಮರದ ಪೆಟ್ಟಿಗೆ ಇಡುತ್ತಿದ್ದರು. ಹಾಗಾಗಿ ವರ್ಜೀನಿಯಾದಲ್ಲಿ ಹುಟ್ಟಿ ಬೆಳೆದವರ ಮೂಗಿಗೆ ಈ ಸೆಂಟಿನ ‘ಮರುಭೂಮಿ’ ಅಜ್ಜಿಯ ಬಟ್ಟೆಪೆಟ್ಟಿಗೆಯಾಗಿ ಬಂದರೆ ಆಶ್ಚರ್ಯವಿಲ್ಲ.

ಲಾವಂಚದ ಬಗ್ಗೆ ನಮಗೆ ಹೇಳಿಕೊಡಬೇಕಾದ್ದಿಲ್ಲ. ಮಡಕೆ ನೀರಿಗೆ ಹಾಕುವ ಬೇರು, ಬೇಸಿಗೆಯಲ್ಲಿ ನೀರು ಚಿಮುಕಿಸಿ ಕಿಟಕಿಗೆ ಕಟ್ಟುವ ಚಾಪೆ. ಇಂಗ್ಲಿಷಿನವರು ಕರೆಯುವ ವೆಟಿವರ್ ಎಂಬ ಹೆಸರೂ ತಮಿಳಿನಿಂದ ಹೋದದ್ದು. ನಮಗೆ ಅದು ತಂಪು, ಮಣ್ಣು, ನೀರು. ಜ್ಯೂರಿಕ್‌ನವರು ಅದನ್ನು ಬಳಸಿದ್ದು ಒಣ ಗಾಳಿಯನ್ನು ತೋರಿಸಲು.

ಸಂಜೆಗೆ ಉಳಿಯುವುದು ಧೂಪ

ಎರಡು ಮೂರು ಗಂಟೆ ಕಳೆದ ಮೇಲೆ ಮಸಾಲೆ ಇಳಿದು ರಾಳ ಮೇಲೆ ಬರುತ್ತದೆ. ಸಿಸ್ಟಸ್ ಎಂಬುದು ಮೆಡಿಟರೇನಿಯನ್ ಕಡೆಯ ಪೊದೆ. ಬಿಸಿಲಿಗೆ ಅದರ ಎಲೆಗಳು ಅಂಟು ಬಿಡುತ್ತವೆ. ಹಿಂದಿನ ಕಾಲದಲ್ಲಿ ಮೇಯಲು ಹೋದ ಆಡುಗಳ ಗಡ್ಡಕ್ಕೆ ಮೆತ್ತಿದ ಈ ಅಂಟನ್ನು ಕೆರೆದು ತೆಗೆಯುತ್ತಿದ್ದರಂತೆ. ಅದರ ಪರಿಮಳ ಸಾಂಬ್ರಾಣಿಗೆ, ಲೋಬಾನಕ್ಕೆ ಹತ್ತಿರ. ಸಿಹಿ, ಹೊಗೆ, ಬೆಚ್ಚಗೆ. ಸೆಂಟ್ ಅಂಗಡಿಯಲ್ಲಿ ‘ಆಂಬರ್’ ಅನ್ನುವುದು ಸಾಮಾನ್ಯವಾಗಿ ಇದಕ್ಕೆ ವೆನಿಲ್ಲಾದಂಥವು ಸೇರಿದ ಬೆರಕೆಗೆ.

ಅಂಬರ್‌ಗ್ರಿಸ್ ಬೇರೆ. ಅದು ಮಂಗಳೂರು, ಉಡುಪಿ ಕಡೆಯ ಪತ್ರಿಕೆಗಳಲ್ಲಿ ‘ತಿಮಿಂಗಿಲ ವಾಂತಿ’ ಅಂತ ಆಗಾಗ ಸುದ್ದಿಯಾಗುವ ವಸ್ತು. ಇಂದಿನ ಸೆಂಟುಗಳಲ್ಲಿ ಹೆಚ್ಚಾಗಿ ಇರುವುದು ಪ್ರಯೋಗಾಲಯದಲ್ಲಿ ತಯಾರಿಸಿದ ಅದರ ಬದಲಿ. ನಿಜವಾದ ಅಂಬರ್‌ಗ್ರಿಸ್ ಇಟ್ಟುಕೊಳ್ಳುವುದು, ಮಾರುವುದು ಭಾರತದಲ್ಲೂ ಅಮೆರಿಕದಲ್ಲೂ ಕಾನೂನಿಗೆ ವಿರುದ್ಧ. ಯಾರಾದರೂ ಒಂದು ತುಂಡು ಕೊಟ್ಟು ಊರಿಗೆ ಒಯ್ಯಿ ಅಂದರೆ ಕೈ ಮುಗಿದು ದೂರ ಇರಿ.

ಈ ಹಂತದಲ್ಲಿ ಹಚ್ಚಿಕೊಂಡವರ ಅನುಭವ ಹೆಚ್ಚು ಒಂದೇ ಬಗೆ. ಒಣ ಮರ, ದೂರದ ಹೊಗೆ, ಬಿಸಿಲಿಗೆ ಕಾದು ಸಂಜೆಗೆ ಆರುತ್ತಿರುವ ಕಲ್ಲು. ಬಹಳ ಹೊತ್ತು ಉಳಿಯುತ್ತದೆ, ಬಟ್ಟೆಯ ಮೇಲಾದರೆ ಮರುದಿನಕ್ಕೂ ಇರುತ್ತದೆ. ಒಂದೆರಡು ಸ್ಪ್ರೇ ಸಾಕು ಎಂಬುದು ಇದನ್ನು ಬಳಸುವವರ ಸಾಮಾನ್ಯ ಮಾತು. ಚರ್ಚಿಗೆ ಹೋಗಿ ಬೆಳೆದವರಿಗೆ ಚರ್ಚಿನ ಧೂಪ ನೆನಪಾಗುತ್ತದೆ, ನಮ್ಮವರಿಗೆ ಶುಕ್ರವಾರ ಸಂಜೆಯ ಸಾಂಬ್ರಾಣಿ, ದರ್ಗಾದ ಲೋಬಾನ. ಒಮಾನಿನಲ್ಲಿ ಇರುವವರಿಗೆ ಧೋಫಾರ್‌ನ ಲುಬಾನ್ ನೆನಪಾದೀತು.

ಮರುಭೂಮಿಗೆ ಪರಿಮಳ ಇದೆಯೇ?

ಗಲ್ಫ್‌ನಲ್ಲಿ ಹತ್ತು ವರ್ಷ ಸೈಟ್ ಕೆಲಸ ಮಾಡಿದವರನ್ನು ಕೇಳಿ, ಮರುಭೂಮಿ ಹೇಗೆ ಪರಿಮಳಿಸುತ್ತದೆ ಅಂತ. ಧೂಳು, ಡೀಸೆಲ್, ಕಾದ ಕಬ್ಬಿಣ ಅಂದಾರು. ಒಣ ಮರಳಿಗೆ ಹೆಚ್ಚು ವಾಸನೆ ಇಲ್ಲ, ಏಕೆಂದರೆ ವಾಸನೆ ಏಳಲು ತೇವ ಬೇಕು. ಮಳೆ ಬಿದ್ದ ದಿನ ಮಾತ್ರ ನೆಲ ಘಮ್ಮೆನ್ನುತ್ತದೆ. ಆ ಮಣ್ಣಿನ ಪರಿಮಳಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದಕ್ಕೂ ಬಹಳ ಹಿಂದಿನಿಂದ ನಮ್ಮ ಕನ್ನೌಜ್‌ನವರು ಅದನ್ನೇ ಮಿಟ್ಟಿ ಅತ್ತರ್ ಅಂತ ಬಾಟಲಿಗೆ ತುಂಬುತ್ತಿದ್ದರು.

ಹಾಗಾದರೆ ‘ಡೆಸರ್ಟ್’ ಸೆಂಟ್ ಅಂದರೆ ಮರಳಿನ ನಕಲಲ್ಲ, ಮರುಭೂಮಿಯ ಅಂಚಿನಲ್ಲಿ ಬದುಕುವ ಜನರ ಪರಿಮಳ. ಅವರ ಅಡುಗೆ, ಧೂಪ, ಮರದ ಬಾಗಿಲು, ಸಂಜೆಯ ಗಾಳಿ. ಮೊರಾಕ್ಕೊದ ಅಡುಗೆಗೂ ಜೀರಿಗೆ, ಕೊತ್ತಂಬರಿ ದಿನಾ ಬೇಕು. ಭಾರತದಲ್ಲಿ ಜೀರಿಗೆ ಹೆಚ್ಚು ಬೆಳೆಯುವುದೂ ಗುಜರಾತ್, ರಾಜಸ್ಥಾನದ ಒಣ ಸೀಮೆಯಲ್ಲೇ. ಅದು ಒಣ ನಾಡಿನ ಬೆಳೆ.

‘ಯುನಿಸೆಕ್ಸ್’ ಎಂಬುದೂ ಹಾಗೇ. ಗಂಡಸರ ಸೆಂಟು, ಹೆಂಗಸರ ಸೆಂಟು ಎಂಬ ಬೇಲಿಯನ್ನು ಗಟ್ಟಿ ಮಾಡಿದ್ದು ಹೆಚ್ಚಾಗಿ ಪಶ್ಚಿಮದ ಮಾರುಕಟ್ಟೆ. ಅರಬ್ಬರಲ್ಲಿ ಗುಲಾಬಿಯನ್ನೂ ಊದನ್ನೂ ಇಬ್ಬರೂ ಹಚ್ಚುತ್ತಾರೆ. ನಮ್ಮಲ್ಲೂ ಮದುವೆ ಮನೆ ಬಾಗಿಲಲ್ಲಿ ಗಂಧ, ಪನ್ನೀರು ಎಲ್ಲರಿಗೂ ಒಂದೇ. ಆದರೂ ಈ ಸೆಂಟ್ ಸ್ವಲ್ಪ ಗಂಡಸರ ಕಡೆಗೆ ವಾಲುತ್ತದೆ ಎನ್ನುವವರು ಇದ್ದಾರೆ. ಅದು ಅವರವರ ರೂಢಿ.

ಒಂದೇ ಬಾಟಲಿ, ಬೇರೆ ಬೇರೆ ಮೂಗು

ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು. ಅವು ಎಲ್ಲರಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನಮಗೆ ಪ್ರಾಣವಾದ ಕೊತ್ತಂಬರಿ ಸೊಪ್ಪು ಎಷ್ಟೋ ಅಮೆರಿಕನ್ನರಿಗೆ ಸೋಪಿನಂತೆ ಅನ್ನಿಸುತ್ತದೆ. ಇದರಲ್ಲಿ ಅಂಥದೊಂದು ಗ್ರಾಹಕದ ಜೀನಿನ ಪಾಲೂ ಇದೆ ಎಂದು ಸಂಶೋಧನೆಗಳು ತೋರಿಸಿವೆ. ಇನ್ನೊಂದು ಕಾರಣ ನೆನಪು. ವಾಸನೆಯ ಸಂದೇಶ ಮೆದುಳಿನಲ್ಲಿ ಭಾವನೆ ಮತ್ತು ನೆನಪಿನ ಕೇಂದ್ರಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಹೆಸರು ನೆನಪಾಗುವ ಮೊದಲೇ ಅಮ್ಮ ನೆನಪಾಗುವುದು.

ಹವಾಮಾನವೂ ಆಟ ಬದಲಿಸುತ್ತದೆ. ಆಗಸ್ಟ್‌ನ ದುಬೈಯಲ್ಲಿ ಶಾಖಕ್ಕೆ ಎಲ್ಲವೂ ಒಟ್ಟಿಗೆ ಮೇಲೇಳುತ್ತದೆ. ಮೂರು ಸ್ಪ್ರೇ ಹೊಡೆದು ಲಿಫ್ಟ್ ಹತ್ತಿದರೆ ಜೊತೆಗಿದ್ದವರಿಗೆ ತಲೆನೋವು. ಜನವರಿಯ ಫೇರ್‌ಫ್ಯಾಕ್ಸ್‌ನಲ್ಲಿ ಹೊರಗೆ ಕೊರೆಯುವ ಚಳಿ, ಒಳಗೆ ಹೀಟರಿನ ಒಣ ಗಾಳಿ. ಚರ್ಮ ಒಣಗಿರುವುದರಿಂದ ಸೆಂಟ್ ಬೇಗ ಮಾಸುತ್ತದೆ. ಸ್ವಲ್ಪ ತೆಂಗಿನೆಣ್ಣೆ ಅಥವಾ ಕ್ರೀಮ್ ಹಚ್ಚಿ ಅದರ ಮೇಲೆ ಹಾಕಿಕೊಂಡರೆ ನಿಲ್ಲುತ್ತದೆ. ಜುಲೈಯಲ್ಲಿ ಅದೇ ಊರು ಮಂಗಳೂರಿನ ಹಾಗೆ ಬೆವರುತ್ತದೆ. ಆಗ ಅಳತೆ ಮತ್ತೆ ಕಡಿಮೆ ಮಾಡಬೇಕು.

ಊರಿನ ಮರ್ಯಾದೆ ಇನ್ನೊಂದು ವಿಷಯ. ಗಲ್ಫ್‌ನಲ್ಲಿ ಬಖೂರ್ ಹೊಗೆಯನ್ನು ಅತಿಥಿಗೆ ಹಿಡಿಯುವುದು ಸತ್ಕಾರ. ಅಮೆರಿಕದ ಹಲವು ಆಫೀಸುಗಳಲ್ಲಿ ಸೆಂಟ್ ಹಾಕದೆ ಬರುವುದೇ ಸತ್ಕಾರ. ಸಹೋದ್ಯೋಗಿಯ ಸೆಂಟಿನಿಂದ ಉಸಿರಾಟಕ್ಕೆ ತೊಂದರೆಯಾಯಿತೆಂದು ನೌಕರರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಡೆಟ್ರಾಯಿಟ್ ನಗರಾಡಳಿತ 2010ರಲ್ಲಿ 1 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಬಲವಾದ ಸೆಂಟ್ ಬೇಡ ಎಂದು ತನ್ನ ನೌಕರರಿಗೆ ಸೂಚನೆಯನ್ನೂ ಕೊಟ್ಟಿತು. ತಂಗಿಗೆ ಕೊಡುವ ಬಾಟಲಿ ಆಫೀಸಿಗಲ್ಲ, ಕನ್ನಡ ಸಂಘದ ಯುಗಾದಿ ಸಮಾರಂಭಕ್ಕೆ ಇರಲಿ.

ಬಾಟಲಿಯಲ್ಲಿ ಪರಿಮಳ, ಕೋಟಿನಲ್ಲಿ ವಾಸನೆ

ಈಗ ಯಾರೂ ಗಟ್ಟಿಯಾಗಿ ಹೇಳದ ಒಂದು ಮಾತು. ವರ್ಜೀನಿಯಾದ ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆ ಹಾಕುವ ಮೊದಲು ಚಳಿಗಾಲದ ಕೋಟುಗಳನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕುವ ಮನೆಗಳು ಎಷ್ಟೋ. ಮಗ ಶಾಲೆಯಲ್ಲಿ ‘ಕರಿ ವಾಸನೆ’ ಎಂಬ ಮಾತು ಕೇಳಿಸಿಕೊಂಡು ಬರಬಾರದಲ್ಲ ಎಂಬ ಹೆದರಿಕೆ. ಗಲ್ಫ್‌ನಲ್ಲಿ ಆರು ಜನ ಇರುವ ರೂಮಿನಲ್ಲಿ ಅಡುಗೆಯೂ ಯೂನಿಫಾರ್ಮೂ ಒಂದೇ ಕಡೆ. ಬಸ್ಸಿನಲ್ಲಿ ಪಕ್ಕದವನು ಮುಖ ತಿರುಗಿಸಿದರೆ ಇಡೀ ದಿನ ಮನಸ್ಸು ಚುಚ್ಚುತ್ತದೆ. ಆ ಹೆದರಿಕೆಗೇ ಅರ್ಧ ಬಾಟಲಿ ಸೆಂಟ್ ಸುರಿದುಕೊಳ್ಳುವವರೂ ಇದ್ದಾರೆ.

ಅದೇ ಕೊತ್ತಂಬರಿ, ಅದೇ ಜೀರಿಗೆ ಸ್ವಿಟ್ಜರ್ಲೆಂಡಿನ ಬಾಟಲಿಯಲ್ಲಿ ಐದು ನಕ್ಷತ್ರ ಪಡೆಯುತ್ತದೆ. ಹಾಗಾದರೆ ನಮ್ಮ ಮಸಾಲೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬುದು ಮೊದಲು ನಮಗೆ ಗೊತ್ತಿರಬೇಕು. ವ್ಯತ್ಯಾಸ ಇರುವುದು ಅಳತೆಯಲ್ಲಿ, ಗಾಳಿಯಲ್ಲಿ. ಬಟ್ಟೆಗೆ ಹಿಡಿದು ಹಳಸುವುದು ಮುಖ್ಯವಾಗಿ ಕಾದ ಎಣ್ಣೆಯ ಹೊಗೆ, ಈರುಳ್ಳಿ, ಬೆಳ್ಳುಳ್ಳಿ. ಉಣ್ಣೆ ಬಟ್ಟೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಸೆಂಟ್ ಹೊಡೆದರೆ ಹೋಗುವುದಿಲ್ಲ, ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಬೆವರೂ ಹಾಗೇ. ಬೆವರಿಗೆ ತನ್ನಷ್ಟಕ್ಕೆ ವಾಸನೆ ತೀರ ಕಡಿಮೆ, ಚರ್ಮದ ಬ್ಯಾಕ್ಟೀರಿಯಾ ಅದನ್ನು ತಿಂದಾಗಲೇ ನಾತ. ಅದಕ್ಕೆ ಮದ್ದು ಸ್ನಾನ ಮತ್ತು ಒಗೆದ ಬಟ್ಟೆ. ಅಡುಗೆ ಮಾಡುವಾಗ ಎಗ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಡ್ಯೂಟಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಇಡಿ. ಇಷ್ಟಾದ ಮೇಲೆ ಒಂದು ಸ್ಪ್ರೇ. ಸೆಂಟ್ ಸಂತೋಷಕ್ಕೆ ಇರಲಿ, ಮುಚ್ಚಿಕೊಳ್ಳಲು ಬೇಡ.

ಕೊಳ್ಳುವವರಿಗೆ, ಒಯ್ಯುವವರಿಗೆ

* ಕಾಗದದ ಮೇಲೆ ಅಲ್ಲ, ಮಣಿಕಟ್ಟಿನ ಮೇಲೆ ಹಾಕಿಸಿಕೊಳ್ಳಿ. ಹಾಕಿದ ಜಾಗ ಉಜ್ಜಬೇಡಿ. ಮೂರು ಗಂಟೆ ಬಿಟ್ಟು ಮೂಸಿ ನೋಡಿ ಆಮೇಲೆ ದುಡ್ಡು ಕೊಡಿ. ಒಂದೇ ದಿನ ನಾಲ್ಕೈದು ನೋಡಿದರೆ ಮೂಗು ದಣಿಯುತ್ತದೆ.

* ಮಾಸ್ಟರ್ ಕಾಪಿ ಎಂಬ ಹೆಸರಿನ ನಕಲಿ ಬಾಟಲಿಗಳ ಒಳಗೆ ಏನಿದೆ ಎಂದು ಹೇಳುವವರಿಲ್ಲ. ಹೆಸರಿನ ಹಿಂದೆ ಹೋಗಿ ನಕಲಿ ಕೊಳ್ಳುವುದಕ್ಕಿಂತ ಅದೇ ಹಣಕ್ಕೆ ಗಲ್ಫ್‌ನದೇ ಕಂಪನಿಯ ಅಸಲಿ ಸೆಂಟು ಅಥವಾ ಅತ್ತರ್ ಮೇಲು.

* ಇಂಥ ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಧಾರ್ಮಿಕ ಕಾರಣಕ್ಕೆ ಬೇಡ ಅನ್ನುವವರು ಎಣ್ಣೆಯ ಅತ್ತರ್ ಕೇಳಿ ತೆಗೆದುಕೊಳ್ಳಿ.

* ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಾಟಲಿ ಬಿಡಬೇಡಿ. ಜೂನ್‌ನ ಶಾಖಕ್ಕೆ ಪರಿಮಳ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ. ಬಿಸಿಲು ಬೀಳದ ಕಪಾಟು ಒಳ್ಳೆಯದು.

* ಅಮೆರಿಕಕ್ಕೆ ಹೋಗುವಾಗ ಕ್ಯಾಬಿನ್ ಬ್ಯಾಗಿನಲ್ಲಿ ಒಂದು ಬಾಟಲಿ 100 ಎಂ.ಎಲ್. ದಾಟಬಾರದು. ಚೆಕ್-ಇನ್ ಬ್ಯಾಗಿನಲ್ಲಿ ಒಂದೊಂದು ಬಾಟಲಿ 500 ಎಂ.ಎಲ್. ಒಳಗೆ, ಸೆಂಟ್, ಸ್ಪ್ರೇ ಎಲ್ಲಾ ಸೇರಿ ಒಬ್ಬರಿಗೆ 2 ಲೀಟರ್ ಮಿತಿ. ದುಬೈ, ದೋಹಾದಿಂದ ಫೇರ್‌ಫ್ಯಾಕ್ಸ್ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣಕ್ಕೆ ನೇರ ಹೋಗುವವರಿಗೂ ಇದೇ ನಿಯಮ. ಮುಚ್ಚಳಕ್ಕೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಟ್ಟೆಯ ನಡುವೆ ಇಡಿ.

* ಮನೆಯಲ್ಲಿ ಹಸುಗೂಸು, ಆಸ್ತಮಾ ಇರುವ ಹಿರಿಯರು ಇದ್ದರೆ ಅವರ ಕೋಣೆಯಲ್ಲಿ ಸ್ಪ್ರೇ ಮಾಡಬೇಡಿ.

ಬೆಲೆ ಹೆಚ್ಚಾಯಿತು ಅನ್ನಿಸಿದರೆ ಇಂಥ ಸೆಂಟುಗಳ ಎರಡು ಎಂ.ಎಲ್. ಸ್ಯಾಂಪಲ್ ಸಿಗುತ್ತದೆಯೇ ಕೇಳಿ. ಮೊದಲು ಅದನ್ನು ಕಳಿಸಿ, ತಂಗಿ ಇಷ್ಟಪಟ್ಟರೆ ಮುಂದಿನ ರಜೆಗೆ ದೊಡ್ಡ ಬಾಟಲಿ. ಕೊತ್ತಂಬರಿ, ಜೀರಿಗೆ ಇದೆ ಅಂತ ಮೊದಲೇ ಹೇಳಬೇಡಿ. ಅವಳ ಮೂಗು ಏನು ಹೇಳುತ್ತದೆ ನೋಡಿ.